ಸೌಂಡ್ ಹೋಯ್ತಂತ ಲೆಕ್ಕಾನೇ ಅಳಿಸ್ತೀರೇನು?

(1/6)
ದೋಸ್ತರೇ, ಒಂದು ಪ್ರಶ್ನೆ. ಟ್ರಯಲ್ ಬ್ಯಾಲೆನ್ಸ್ ಕೂಡಲಿಲ್ಲ ಅಂತ ಯಾರಾದ್ರೂ ಲೆಡ್ಜರ್ ಸುಡ್ತಾರೇನು? ಬಿಕಾಂ ಫಸ್ಟ್ ಸೆಮ್ ಹುಡುಗನೂ ಸುಡಲ್ಲ. ಕೂಡಿಸಿದ್ದು ಸರಿ ಅದನೋ ಇಲ್ಲೋ ನೋಡ್ತಾನ, ಪೋಸ್ಟಿಂಗ್ ನೋಡ್ತಾನ, ಡೆಬಿಟ್‌ಗೆ ಹೋಗಬೇಕಾದ್ದು ಕ್ರೆಡಿಟ್‌ಗೆ ಹೋಗ್ಯಾದೇನು ಅಂತ ಹುಡುಕ್ತಾನ.

ಆದರೆ ಮನೆ ಕಂಪ್ಯೂಟರಿನಲ್ಲಿ ಸೌಂಡ್ ಬರಲಿಲ್ಲ ಅಂದರೆ ರಾಯಚೂರಿನಿಂದ ಮಾನ್ವಿ, ದೇವದುರ್ಗದ ತನಕ ನಾವೆಲ್ಲ ಹೇಳೋದು ಒಂದೇ ಮಾತು: "ಫಾರ್ಮ್ಯಾಟ್ ಹೊಡೆಸಿಬಿಡ್ರಿ."

ಈ ಮಾತಿನ ಮೇಲೆ ನನಗೆ ಸಿಟ್ಟಿದೆ. ಯಾಕೆ ಅಂತ ಆರು ಪೋಸ್ಟಿನಲ್ಲಿ ಹೇಳ್ತೀನಿ. ಕೊನೆ ತನಕ ಓದ್ರಿ, ಬೈಯೋದಿದ್ರ ಆಮೇಲೆ ಬೈರಿ.

(2/6)
ಮಾನ್ವಿಯಲ್ಲಿ ನಮ್ಮ ಮಾಮನದು ಗೊಬ್ಬರದ ಅಂಗಡಿ. ಅಂಗಡಿಯ ಲೆಕ್ಕ ಮನೆ ಕಂಪ್ಯೂಟರಿನ ಟ್ಯಾಲಿಯಲ್ಲಿ. ಅದೇ ಕಂಪ್ಯೂಟರಿನಲ್ಲಿ ಮಕ್ಕಳ ಹಾಡು, ಅತ್ತಿಯ ಸೀರಿಯಲ್ಲು. ಹೊಸ ಮಾನಿಟರ್ ತಂದರು, ಎಚ್‌ಡಿಎಂಐ ವೈರ್ ಹಾಕಿದರು, ಅವತ್ತೇ ಸೌಂಡ್ ಹೋಯ್ತು. ಮಾಮ ಸಿಪಿಯು ಡಬ್ಬಿಯೊಂದನ್ನೇ ಬೈಕ್ ಮೇಲೆ ಇಟ್ಟುಕೊಂಡು ರಿಪೇರಿ ಅಂಗಡಿಗೆ ಹೋದರು. 500 ರೂಪಾಯಿ, ಎರಡು ತಾಸು, ಫಾರ್ಮ್ಯಾಟ್. ಅಲ್ಲಿ ಸೌಂಡ್ ಬಂತು. ಮನೆಗೆ ತಂದು ಜೋಡಿಸಿದರೆ ಮತ್ತೆ ಇಲ್ಲ!

ಭಾನುವಾರ ನಾನು ಹೋದೆ. ಮೂಲೆಯಲ್ಲಿರುವ ಸ್ಪೀಕರ್ ಚಿತ್ರ ಒತ್ತಿ, ಪಕ್ಕದ ಬಾಣದ ಗುರುತು ಒತ್ತಿದೆ. ಎರಡು ಹೆಸರು ಬಂದವು: ಒಂದು ಮಾನಿಟರ್, ಇನ್ನೊಂದು ರಿಯಲ್‌ಟೆಕ್ ಸ್ಪೀಕರ್. ಆಯ್ಕೆ ಆಗಿದ್ದು ಮಾನಿಟರ್. ಎಚ್‌ಡಿಎಂಐ ವೈರಿನಲ್ಲಿ ಚಿತ್ರದ ಜೊತೆ ಸದ್ದೂ ಹೋಗುತ್ತೆ, ಅದಕ್ಕೆ ವಿಂಡೋಸ್ ಸದ್ದನ್ನೆಲ್ಲ ಆ ಮಾನಿಟರಿಗೆ ಕಳಿಸ್ತಿತ್ತು. ಆ ಮಾನಿಟರಿನಲ್ಲಿ ಸ್ಪೀಕರೇ ಇಲ್ಲ! ರಿಪೇರಿ ಅಂಗಡಿಯಲ್ಲಿ ಹಳೇ ನೀಲಿ ವೈರಿನ ಮಾನಿಟರ್ ಹಾಕಿ ನೋಡಿದ್ದಕ್ಕೆ ಅಲ್ಲಿ ಸರಿ ಕಂಡಿತ್ತು. ರಿಯಲ್‌ಟೆಕ್ ಮೇಲೆ ಒತ್ತಿದೆ. ಹಾಡು ಬಂತು. ಒಟ್ಟು ಮೂರು ಕ್ಲಿಕ್.

ಮಾಮ ಖುಷಿಯಿಂದ ಟ್ಯಾಲಿ ತೆಗೆಯೋಕೆ ಹೋದರು. ಟ್ಯಾಲಿ ಇಲ್ಲ. ಫೋನ್ ಮಾಡಿದರೆ "ಸಿ ಡ್ರೈವ್ ಅಷ್ಟೇ ಅಳಿಸೀನಿ ಸರ, ಡಿ ಹಂಗೇ ಅದ" ಅಂದರು. ಲೆಕ್ಕ ಇದ್ದದ್ದು ಸಿ ಡ್ರೈವ್‌ನಲ್ಲೇ. ಎರಡು ವರ್ಷದ ಉದ್ರಿ, ಖರೀದಿ, ಸ್ಟಾಕ್, ಎಲ್ಲ. ಬ್ಯಾಕಪ್ ಇರಲಿಲ್ಲ.

(3/6)
ಆ ರಜೆಯೆಲ್ಲ ಬಿಲ್ ಬುಕ್ ಹಿಡಿದು ಮತ್ತೆ ಎಂಟ್ರಿ ಹಾಕಿದೆ. ಬಿಲ್ ಇದ್ದದ್ದು ಬಂತು. ಆದರೆ ಸುಗ್ಗಿ ಆದ ಮೇಲೆ ರೈತರು ಕೈಯಲ್ಲಿ ಕೊಟ್ಟುಹೋದ ಐದು ಸಾವಿರ, ಎರಡು ಸಾವಿರ? ಅದಕ್ಕೆ ಎಷ್ಟೋ ಕಡೆ ಚೀಟಿ ಇಲ್ಲ, ಟ್ಯಾಲಿಯಲ್ಲಿ ಮಾತ್ರ ಬರೆದದ್ದು. "ನಾ ಕೊಟ್ಟೀನಲ್ರೀ ಶೆಟ್ರ" ಅಂತ ಒಬ್ಬ ಹಿರಿಯರು ಬಂದು ನಿಂತಾಗ ಮಾಮ ಏನು ತೋರಿಸಬೇಕು? "ಆಯ್ತು ಬಿಡ್ರಿ" ಅಂದರು. ಆ ಹಿರಿಯರು ಹೇಳಿದ್ದು ನಿಜಾನೇ ಇರಬಹುದು. ನಿಜವೋ ಸುಳ್ಳೋ ಅಂತ ನೋಡೋಕೆ ದಾರಿ ಇಲ್ಲದಂಗಾಯ್ತು, ಅದೇ ನನಗೆ ಹತ್ತಿದ ಉರಿ.

ಕಾನೂನಿನ ಮಾತೂ ಇದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆ ದಿನಾಂಕದಿಂದ 72 ತಿಂಗಳ ತನಕ ಲೆಕ್ಕಪತ್ರ ಇಟ್ಟಿರಬೇಕು. ಅಂದರೆ 6 ವರ್ಷ. "ಸೌಂಡ್ ಇರಲಿಲ್ಲ ಸರ್, ಅದಕ್ಕ ಅಳಿಸಿದ್ವಿ" ಅಂತ ಆಫೀಸಿನಲ್ಲಿ ಹೇಳ್ತೀರೇನು?

ನಮ್ಮ ಮನೆಯಲ್ಲಿ ಟ್ಯಾಲಿ ಇಲ್ಲ ಅಂತೀರಾ? ಡೆಸ್ಕ್‌ಟಾಪ್ ಮೇಲೆ ಇಟ್ಟ ಫೋಟೋ, ಡಾಕ್ಯುಮೆಂಟ್ಸ್‌ನಲ್ಲಿರುವ ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರದ ಸ್ಕ್ಯಾನ್, ಡೌನ್‌ಲೋಡ್ಸ್‌ನಲ್ಲಿರುವ ನೋಟ್ಸ್: ಇವು ಸಾಮಾನ್ಯವಾಗಿ ಇರೋದೂ ಸಿ ಡ್ರೈವ್‌ನಲ್ಲೇ.

(4/6) ಸೇವ್ ಮಾಡ್ಕೊಳ್ರಿ
ಸೌಂಡ್ ಹೋದರೆ ಈ ಕ್ರಮದಲ್ಲಿ ನೋಡಿ. ಮೊದಲು ಹೊರಗಿಂದು, ಆಮೇಲೆ ಒಳಗಿಂದು.

▪️ ಸ್ಪೀಕರಿನ ದೀಪ ಹತ್ತಿದೆಯಾ? ಪಿನ್ ಹಿಂದಿನ ಹಸಿರು ತೂತಿನಲ್ಲೇ ಇದೆಯಾ? ಗುಲಾಬಿ ತೂತು ಮೈಕಿಂದು. ಮುಂದೆ ಹೆಡ್‌ಫೋನ್ ಸಿಕ್ಕಿಸಿ ಮರೆತಿದ್ದರೆ ಹಿಂದಿನ ಸ್ಪೀಕರ್ ಸುಮ್ಮನಾಗಬಹುದು.
▪️ ಅದೇ ಪಿನ್ನನ್ನು ಮೊಬೈಲಿಗೆ ಹಾಕಿ ಹಾಡು ಹಚ್ಚಿ. ಅಲ್ಲೂ ಬರದಿದ್ದರೆ ಕೆಟ್ಟಿದ್ದು ಸ್ಪೀಕರ್. ಬಂದರೆ ತಪ್ಪು ಕಂಪ್ಯೂಟರ್ ಕಡೆ. ಅರ್ಧ ಅನುಮಾನ ಇಲ್ಲಿಗೇ ಮುಗೀತು.
▪️ ಮ್ಯೂಟ್: ಕೀಬೋರ್ಡಿನ ಮ್ಯೂಟ್ ಬಟನ್, ಯೂಟ್ಯೂಬಿನದೇ ಮ್ಯೂಟ್, ಬ್ರೌಸರ್ ಟ್ಯಾಬಿನ ಮ್ಯೂಟ್. ವಾಲ್ಯೂಮ್ ಮಿಕ್ಸರ್ ತೆಗೆದು ಪ್ರತಿಯೊಂದು ಆ್ಯಪ್ ನೋಡಿ.
▪️ ಔಟ್‌ಪುಟ್: ಸದ್ದು ಯಾವ ಹೆಸರಿಗೆ ಹೋಗ್ತಿದೆ? ಮಾನಿಟರಿಗಾ, ಬ್ಲೂಟೂತ್ ಇಯರ್‌ಬಡ್ಸಿಗಾ, ಸ್ಪೀಕರಿಗಾ?
▪️ ಒಮ್ಮೆ ರೀಸ್ಟಾರ್ಟ್. ಆಗದಿದ್ದರೆ "ಸರ್ವಿಸಸ್" ತೆಗೆದು ವಿಂಡೋಸ್ ಆಡಿಯೋ ಅನ್ನೋದನ್ನು ರೀಸ್ಟಾರ್ಟ್ ಮಾಡಿ.
▪️ ಡಿವೈಸ್ ಮ್ಯಾನೇಜರ್: ಸೌಂಡಿನ ಹೆಸರಿನ ಮೇಲೆ ಕೆಳಮುಖ ಬಾಣ ಇದ್ದರೆ ಅದನ್ನು ಯಾರೋ ಆಫ್ ಮಾಡಿದ್ದಾರೆ, ಎನೇಬಲ್ ಕೊಡಿ. ಹಳದಿ ಗುರುತಿದ್ದರೆ ಬಹಳ ಸಲ ಡ್ರೈವರ್ ತೊಂದರೆ: ಅನ್‌ಇನ್‌ಸ್ಟಾಲ್ ಡಿವೈಸ್ ಕೊಟ್ಟು ರೀಸ್ಟಾರ್ಟ್ ಮಾಡಿ, ಸಾಮಾನ್ಯವಾಗಿ ವಿಂಡೋಸೇ ಮತ್ತೆ ಹಾಕಿಕೊಳ್ಳುತ್ತೆ. ಅಪ್‌ಡೇಟ್ ಆದ ಮೇಲೆ ಹೋಗಿದ್ದರೆ ರೋಲ್ ಬ್ಯಾಕ್ ಡ್ರೈವರ್ ಇದೆ.
▪️ ಇಷ್ಟಾದರೂ ಬರಲಿಲ್ಲ, ಬೋರ್ಡಿನ ಸೌಂಡ್ ಚಿಪ್ಪೇ ಹೋಗಿದೆ ಅನ್ನೋಣ. ಸತ್ತ ಚಿಪ್ ಫಾರ್ಮ್ಯಾಟಿನಿಂದ ಎದ್ದು ಕೂರಲ್ಲ. ಬೆರಳುದ್ದದ ಯುಎಸ್‌ಬಿ ಸೌಂಡ್ ಕಾರ್ಡ್ ಸಿಗುತ್ತೆ, ಅದನ್ನು ಹಾಕಿ.

(5/6)
"ಹಾಡು ಕೇಳೋದು ಒಂದಿನ ತಡ ಆದ್ರೇನು, ಇಷ್ಟು ದೊಡ್ಡ ವಿಷಯನಾ" ಅಂತ ಕೇಳೋರಿಗೆ ದೇವದುರ್ಗದ ಮಾತು ಹೇಳ್ತೀನಿ.

ಅಲ್ಲಿ ನಮ್ಮ ಸೀನಿಯರ್ ಅಣ್ಣ ಒಬ್ಬರಿದ್ದಾರೆ, ಕಣ್ಣು ಕಾಣಿಸುವುದಿಲ್ಲ. ಎನ್‌ವಿಡಿಎ ಅನ್ನೋ ಸಾಫ್ಟ್‌ವೇರ್ ಪರದೆ ಮೇಲಿರುವುದನ್ನು ಅವರಿಗೆ ಓದಿ ಹೇಳುತ್ತೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರು ಮಾಡಿದ್ದು, ಅವರೂ ಅಂಧರೇ. ಪೂರ್ತಿ ಉಚಿತ, ಜೊತೆಗೆ ಬರುವ ಈಸ್ಪೀಕ್ ದನಿ ಕನ್ನಡವನ್ನೂ ಓದುತ್ತೆ.

ಮರುದಿನ ಸ್ಕಾಲರ್‌ಶಿಪ್ ಅರ್ಜಿಗೆ ಕೊನೆ ದಿನ. ಅಣ್ಣನ ಫೋನ್ ಬಂತು: "ತಮ್ಮಾ, ಸೌಂಡ್ ಹೋಗ್ಯಾದ. ಮನ್ಯಾಗ ಫಾರ್ಮ್ಯಾಟ್ ಮಾಡ್ಸೂಣು ಅನ್ನಕತ್ತಾರ." ನಾನು ಒಂದೇ ಕೇಳಿದೆ: "ಪೆನ್‌ಡ್ರೈವ್ ಹಾಕಿದ್ರ ಟಿಣ್ ಅಂತದೇನಣ್ಣ?" ಹಾಕಿ ನೋಡಿದರು. ಅಂತು! ಅಂದರೆ ಕಂಪ್ಯೂಟರಿನ ಸೌಂಡ್ ಸರಿ ಇದೆ, ಸುಮ್ಮನಾಗಿದ್ದು ಎನ್‌ವಿಡಿಎ ಮಾತ್ರ. ಇನ್ಸರ್ಟ್ ಜೊತೆ ಎಸ್ ಒತ್ತಿದರೆ ಅದರ ಮಾತಿನ ಮೋಡ್ ಬದಲಾಗುತ್ತೆ. ಮನೆಯ ಮಗು ಕೀಬೋರ್ಡ್ ಬಡಿದಾಗ ಅದೇ ಒತ್ತಿರಬೇಕು. ಒಮ್ಮೆ ಒತ್ತಿ ಒಂದು ಕೀ ಬಡಿದರು, ಬರೀ ಬೀಪ್. ಇನ್ನೊಮ್ಮೆ ಒತ್ತಿದರು, ಫೋನಿನಲ್ಲಿ ನನಗೇ ಆ ದನಿ ಕೇಳಿಸಿತು. ಅವತ್ತು ರಾತ್ರಿಯೇ ಅರ್ಜಿ ಹೋಯ್ತು.

ಫಾರ್ಮ್ಯಾಟ್ ಆಗಿದ್ದರೆ? ಎನ್‌ವಿಡಿಎ ಅಳಿಸಿಹೋಗ್ತಿತ್ತು. ಸೌಂಡ್ ಬಂದರೂ ಅವರ ಕಂಪ್ಯೂಟರ್ ಮೂಕಾಗಿಯೇ ಮನೆಗೆ ಬರ್ತಿತ್ತು. ನಮಗೆ ಸೌಂಡ್ ಅಂದರೆ ಹಾಡು. ಅಣ್ಣನಿಗೆ ಅದೇ ಪರದೆ.

(6/6)
ಈಗ ನಿಮ್ಮ ತಕರಾರು.

"ವಿಂಡೋಸ್ 10 ಹಳೇದಾಯ್ತು, ಅದಕ್ಕೇ ಸೌಂಡ್ ಹೋಗ್ಯಾದ." ಅಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ಮುಗಿಸಿದ್ದು ನಿಜ. ಸುರಕ್ಷತೆ ಬಗ್ಗೆ ಯೋಚನೆ ಮಾಡಬೇಕಾದ್ದೂ ನಿಜ. ಆದರೆ ಬೆಂಬಲ ಮುಗಿದ ದಿನ ಯಾರ ಸೌಂಡೂ ಬಂದ್ ಆಗಲಿಲ್ಲ.

"ರಿಪೇರಿಯವರ ಹೊಟ್ಟೆ ಮೇಲೆ ಹೊಡೀತಿಯಾ?" ಇಲ್ಲ. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ಹತ್ತು ಡಬ್ಬಿ, ನಾವು ಬಾಗಿಲಲ್ಲೇ ನಿಂತು "ಜಲ್ದಿ ಮಾಡ್ರಿ" ಅಂತೀವಿ. ಜಲ್ದಿ ಅಂದರೆ ಎಲ್ಲ ರೋಗಕ್ಕೂ ಒಂದೇ ಗುಳಿಗೆ, ಫಾರ್ಮ್ಯಾಟ್. ತಪ್ಪು ಎಲ್ಲಿದೆ ಅಂತ ಹುಡುಕಿದ ಕೆಲಸಕ್ಕೆ ಅದೇ 500 ಕೊಡೋಕೆ ನಾವು ತಯಾರಿದ್ದೀವಾ? "ಮೂರು ಕ್ಲಿಕ್ಕಿಗೆ 500 ಯಾಕ್ರಿ" ಅಂತ ಜಗಳ ತೆಗೀತೀವಿ. ಅಳಿಸಿದ್ದಕ್ಕೆ ಮಾತ್ರ ನಗುನಗುತ್ತಾ ಕೊಡ್ತೀವಿ. ತಪ್ಪು ನಮ್ಮದೂ ಅದ.

"ನಾವು ಕಾಮರ್ಸ್, ನಮಗ್ಯಾಕ ಇದು?" ಈ ಮಾತಿಗೇ ನನಗೆ ಜಾಸ್ತಿ ಸಿಟ್ಟು. ವೋಚರ್ ನೋಡದೆ ಎಂಟ್ರಿ ಒಪ್ಪಬಾರದು ಅಂತ ಕಲಿಯೋರು ನಾವು. ತಪ್ಪು ಹುಡುಕೋದೇ ನಮ್ಮ ಓದು. ನಾಳೆ ಯಾರದೋ ಅಂಗಡಿ ಲೆಕ್ಕ ನಮ್ಮ ಕೈಗೆ ಬರುತ್ತೆ, ಅದು ಇರೋದು ಇದೇ ಡಬ್ಬಿಯಲ್ಲಿ. ಮಾಮನ ಕಂಪ್ಯೂಟರಿಗೆ ಬ್ಯಾಕಪ್ ಇಲ್ಲ ಅನ್ನೋದು ಬಿಕಾಂ ಓದುವ ಅಳಿಯನಿಗೆ ಗೊತ್ತಿರಲಿಲ್ಲ. ಆ ನಾಚಿಕೆ ನಂದು.

ಫಾರ್ಮ್ಯಾಟ್ ಮಾಡಲೇಬೇಕಾದ ಸಂದರ್ಭ ಇರುತ್ತೆ, ಒಪ್ಪಿದೆ. ಆದರೆ ಅದು ಕೊನೆಯದು, ಅದೂ ಬ್ಯಾಕಪ್ ತೆಗೆದ ಮೇಲೆ. ಡಬ್ಬಿ ಕೊಡುವಾಗ ಮೂರು ಮಾತು ಕೇಳಿ: ಏನು ಕೆಟ್ಟಿದೆ? ಹೇಗೆ ಗೊತ್ತಾಯ್ತು? ಅಳಿಸೋಕೆ ಮುಂಚೆ ನನಗೆ ಫೋನ್ ಮಾಡ್ತೀರಾ?

ಇವತ್ತು ಒಂದು ಕೆಲಸ. ಟ್ಯಾಲಿಪ್ರೈಮ್ ಇರುವ ಮನೆಯವರು ಆಲ್ಟ್ ಜೊತೆ ವೈ ಒತ್ತಿ, ಬ್ಯಾಕಪ್ ಆರಿಸಿ, ಪೆನ್‌ಡ್ರೈವಿಗೆ ತೆಗೆಯಿರಿ. ಟ್ಯಾಲಿ ಇಲ್ಲದವರು ಡೆಸ್ಕ್‌ಟಾಪ್ ಮೇಲಿರುವುದನ್ನೆಲ್ಲ ಕಾಪಿ ಮಾಡಿ ಇಡಿ. ಆಗಿದ್ದರೆ ಕಾಮೆಂಟಿನಲ್ಲಿ "ತೆಗೆದೆ" ಅಂತ ಹಾಕ್ರಿ. "ಫಾರ್ಮ್ಯಾಟ್ ಹೊಡೆಸು" ಅನ್ನೋ ದೋಸ್ತನಿಗೆ ಟ್ಯಾಗ್ ಮಾಡ್ರಿ.

#ರಾಯಚೂರು #ಮಾನ್ವಿ #ದೇವದುರ್ಗ #ಬಿಕಾಂ_ಮಂದಿ #ಮೊದಲು_ಹುಡುಕು #ಫಾರ್ಮ್ಯಾಟ್_ಬ್ಯಾಡ