ರೂಬೆನ್ಸನಿಗೆ ಚೌಕಟ್ಟು, ಕೃಷ್ಣನಿಗೆ ಬಣ್ಣದ ಡಬ್ಬಿ

ಕಾರವಾರದ ಸಭ್ಯ ಗೃಹಸ್ಥರೊಬ್ಬರ ಪಡಸಾಲೆಯಲ್ಲಿ ರೂಬೆನ್ಸನ 'ಪ್ರೇಮೋದ್ಯಾನ'ದ ಪ್ರತಿಯೊಂದು ಚೌಕಟ್ಟಿನೊಳಗೆ ವಿರಾಜಮಾನವಾಗಿದೆ. ಬಂದವರಿಗೆಲ್ಲ ಅದನ್ನು ತೋರಿಸಿ, "ಏನು ನಾಗರಿಕತೆ, ಏನು ನಯ!" ಎಂದು ಅವರು ತಲೆದೂಗುತ್ತಾರೆ. ಇದೇ ಮಹಾಶಯರು ಅಂಕೋಲೆಯ ಕಡೆಯ ದೇವಸ್ಥಾನವೊಂದರ ಜೀರ್ಣೋದ್ಧಾರ ಸಮಿತಿಯಲ್ಲಿ ಕುಳಿತು, ಗೋಡೆಯ ಮೇಲಿನ ಕೃಷ್ಣ-ಗೋಪಿಯರ ಕಾವಿ ಚಿತ್ರಕ್ಕೆ ಆಯಿಲ್ ಪೇಂಟ್ ಬಳಿಸಲು ಕೈಯೆತ್ತಿದರು. "ಮಕ್ಕಳು ಮರಿ ಬರುವ ಜಾಗ, ಇಂಥದು ಶೋಭಿಸದು" ಎಂಬುದು ಅವರ ವಾದ. ನಾನು ಆಕ್ಷೇಪಿಸಿದಾಗ, "ಮಾಸ್ತರೇ, ಅದು ಕಲೆ, ಇದು ಹಳೆಯ ಗೋಡೆ" ಎಂದು ನಕ್ಕರು. ಆ ನಗೆಗೆ ಇಲ್ಲಿ ಉತ್ತರ ಹೇಳಬೇಕಾಗಿದೆ.

ಅವರ ಪಡಸಾಲೆಯ ಚಿತ್ರವನ್ನೇ ನೋಡೋಣ. ಅದರ ಮೂಲ ಮ್ಯಾಡ್ರಿಡ್ಡಿನ ಪ್ರಾಡೊ ಸಂಗ್ರಹಾಲಯದಲ್ಲಿದೆ. ಬರೆದದ್ದು ಸುಮಾರು 1633ರಲ್ಲಿ. ರೇಷ್ಮೆಯುಟ್ಟ ಹೆಂಗಳೆಯರು, ಠೀವಿಯ ಗಂಡಸರು, ಕಿವಿಮಾತು, ಓರೆನೋಟ. ಆದರೆ ಆ ಉದ್ಯಾನದ ಕಾರಂಜಿಯ ಮೇಲೆ ಕುಳಿತವಳು ಯಾರು? ಪ್ರೇಮದೇವತೆ ವೀನಸ್. ಸಂಕೋಚದ ತರುಣಿಯನ್ನು ನಲ್ಲನತ್ತ ನೂಕುತ್ತಿರುವವನು? ಕಾಮನ ಪುಟ್ಟ ಕಿಂಕರ. ಫ್ಲಾಂಡರ್ಸಿನ ಸಿರಿವಂತರ ಸರಸಕ್ಕೂ ದೇವತೆಗಳ ಸಾಕ್ಷಿ ಬೇಕಾಯಿತು. ವೀನಸ್ಸಿಗೆ ಸಲ್ಲುವ ಮರ್ಯಾದೆ ನಮ್ಮ ವೇಣುಗೋಪಾಲನಿಗೇಕೆ ಸಲ್ಲಬಾರದು?

"ಇಂಥ ರಸಿಕತೆ ನಮ್ಮ ಸಂಪ್ರದಾಯವಲ್ಲ" ಎನ್ನುವವರು ಸಂಪ್ರದಾಯವನ್ನು ಓದಿದವರಲ್ಲ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ದೇವಾಲಯದಲ್ಲಿಯೇ ಕನ್ನಡಿ ಹಿಡಿದ ಸುಂದರಿ ನಿಂತಿದ್ದಾಳೆ. ನೇಮಿಚಂದ್ರನ 'ಲೀಲಾವತಿ'ಯ ನಾಯಕನ ಹೆಸರೇ ಕಂದರ್ಪ. ಅವನ ಜಯಂತೀಪುರವೆಂದರೆ ನಮ್ಮ ಜಿಲ್ಲೆಯ ಬನವಾಸಿ. ಕನಸಿನಲ್ಲಿ ಕಂಡ ಹೆಣ್ಣಿಗಾಗಿ ಅರಸುಕುಮಾರನು ಹೊರಟ ಕಥೆಯನ್ನು ಜೈನ ಕವಿಯೊಬ್ಬ ಸಂಕೋಚವಿಲ್ಲದೆ ಬರೆದನು. ಹದಿನೇಳನೆಯ ಶತಮಾನದ ಆರಂಭದಲ್ಲಿ ಹಾರ್ಲೆಮ್ಮಿನ ಡಚ್ ಚಿತ್ರಕಾರ ಕೊರ್ನೆಲಿಸ್ ಹೇಡಾ ಬಿಜಾಪುರದ ಎರಡನೆಯ ಇಬ್ರಾಹಿಮ ಆದಿಲಶಾಹನ ಆಶ್ರಯದಲ್ಲಿದ್ದನು. ಅಂದರೆ ನಾವು ಇಂದು ಪುಸ್ತಕದಲ್ಲಿ ನೋಡಿ ಬೆರಗಾಗುವ ಆ ಕಲೆಯ ನೆರೆಹೊರೆಯವನೊಬ್ಬ ನಾಲ್ಕು ನೂರು ವರ್ಷಗಳ ಹಿಂದೆಯೇ ಕನ್ನಡ ನಾಡಿನಲ್ಲಿ ಕುಂಚ ಹಿಡಿದಿದ್ದನು! ಅದೇ ಬಿಜಾಪುರದ ಅಸಾರ ಮಹಲಿನ ಮೇಲಂತಸ್ತಿನ ಭಿತ್ತಿಗಳಲ್ಲಿಯೂ ಸ್ತ್ರೀಪುರುಷರ ಚಿತ್ರಗಳಿದ್ದವು. ಅವುಗಳನ್ನು ಹಿಂದೆಯೇ ಕೆಡಿಸಲಾಗಿದೆ. ಕೆಡಿಸಿದವರನ್ನು ನಾವು ಭಾಷಣಗಳಲ್ಲಿ ಬೈಯುತ್ತೇವೆ. ನಮ್ಮದನ್ನು ಮಾತ್ರ ವಂತಿಗೆ ಎತ್ತಿ, ಪಾವತಿ ಕೊಟ್ಟು, ನಾವೇ ಕೆಡಿಸುತ್ತೇವೆ.

ಕಾವಿ ಚಿತ್ರವೆಂದರೆ ಗೋಡೆಗೆ ಅಂಟಿಸಿದ ಕ್ಯಾಲೆಂಡರ್ ಅಲ್ಲ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಅದು ಹಸಿಯಾಗಿರುವಾಗಲೇ ಲೋಹದ ಮೊನೆಯಿಂದ ಕೆರೆದರೆ ಒಳಗಿನ ಬಿಳುಪು ಗೆರೆಯಾಗಿ ಮೂಡುತ್ತದೆ. ಗಾರೆಯೇ ಚಿತ್ರ, ಚಿತ್ರವೇ ಗಾರೆ. ಗೋಡೆ ಕೆತ್ತಿ ಟೈಲ್ಸ್ ಹಚ್ಚಿದ ಮೇಲೆ ಮರಳಿ ತರುವ ಮಾತೇ ಇಲ್ಲ. ಗೋವೆಯಿಂದ ನಮ್ಮ ಕರಾವಳಿಯವರೆಗೆ ಹಬ್ಬಿದ ಈ ಕಲೆಯನ್ನು ಊರೂರು ಅಲೆದು ದಾಖಲಿಸಿದವರು ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು. ಅವರು 2002ರಲ್ಲಿ ತೀರಿಕೊಂಡರು; ಅವರು ಬಿಟ್ಟುಹೋದ ಎಚ್ಚರವೂ ಅವರೊಡನೆ ತೀರಿತೇ?

ಜೀರ್ಣೋದ್ಧಾರ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಮಳೆಗೆ ಮಾಡು ಸೋರುತ್ತದೆ, ಗೋಡೆ ಬಿರಿಯುತ್ತದೆ, ದುರಸ್ತಿ ಆಗಲೇಬೇಕು. ಆದರೆ ಕೈಹಚ್ಚುವ ಮೊದಲು ಪ್ರತಿಯೊಂದು ಚಿತ್ರದ ಫೋಟೋ ತೆಗೆಯಿರಿ. ಬಲ್ಲವರನ್ನು ಕರೆದು ಕೇಳಿರಿ. ಗಟ್ಟಿಯಾಗಿರುವ ಗಾರೆಯನ್ನು ಮುಟ್ಟಬೇಡಿರಿ. ಇದಕ್ಕೆ ಲಕ್ಷಾಂತರ ರೂಪಾಯಿ ಬೇಕಿಲ್ಲ, ಸ್ವಲ್ಪ ನಾಚಿಕೆ ಸಾಕು.

ರೂಬೆನ್ಸನ ಚಿತ್ರವನ್ನು ಇಳಿಸಿರೆಂದು ಆ ಗೃಹಸ್ಥರಿಗೆ ನಾನು ಹೇಳಲಾರೆ. ಅದನ್ನು ನೋಡಲು ಕಲಿತ ಕಣ್ಣನ್ನು ಸಮಿತಿಯ ಸಭೆಗೂ ತನ್ನಿರಿ ಎಂದಷ್ಟೇ ನನ್ನ ವಿನಂತಿ.