ಸೈನಿಕನಿಗೆ ಪಿಟಿಯಿಂದ ರಜೆ ಕೊಡಬಾರದೇ?

ಮಿಲಿಟರಿ ಅಂದಮೇಲೆ ಬೆಳಗಿನ ಪಿಟಿಗೆ ಎಲ್ಲರೂ ಬರಲೇಬೇಕು, ಕಾಲುನೋವು ಗೀಲುನೋವು ಅನ್ನೋರು ಮನೆಯಲ್ಲೇ ಇರಲಿ... ಅಂತರಸನಹಳ್ಳಿಯ ಟೀ ಅಂಗಡಿಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರಲ್ಲಿ ಮುಕ್ಕಾಲು ಪಾಲು ಬಸ್ ಹಿಡಿಯೋಕೂ ಓಡದವರು, ಅದು ಬೇರೆ ವಿಷಯ :)

ಅವರ ಮಾತಿನಲ್ಲೂ ಅರ್ಧ ಸತ್ಯವಿದೆ. ಸೈನ್ಯದಲ್ಲಿ ಬಿಪಿಇಟಿ ಅಂತ ಒಂದು ಪರೀಕ್ಷೆ. ರೈಫಲ್ಲು, ಸಾಮಾನು ಹೊತ್ತು 5 ಕಿಲೋಮೀಟರ್ ಓಡಬೇಕು, ಹಗ್ಗ ಹತ್ತಬೇಕು, 9 ಅಡಿ ಹಳ್ಳ ಹಾರಬೇಕು. ಯುದ್ಧದಲ್ಲಿ ಒಬ್ಬ ಕುಸಿದರೆ ಅವನನ್ನು ಹೊರುವವನು ಪಕ್ಕದವನೇ. ಹಾಗಾಗಿ "ನಾನು ಸೀನಿಯರ್", "ನನಗೆ ಆಫೀಸ್ ಕೆಲಸ", "ನನ್ನ ಪಾಡಿಗೆ ನಾನು ಓಡ್ಕೋತೀನಿ" ಅನ್ನುವ ಯಾರಿಗೂ ವಿನಾಯಿತಿ ಬೇಡ. ಇಲ್ಲಿಯವರೆಗೆ ಜಗಳವಿಲ್ಲ.

ಜಗಳ ಇರುವುದು ಗಾಯದ ವಿಷಯದಲ್ಲಿ. ಹೊಸದಾಗಿ ಸೇರಿದ ಹುಡುಗರ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುವುದು ಎಲ್ಲ ದೇಶದ ಸೈನ್ಯಗಳಿಗೂ ಗೊತ್ತಿರುವ ತೊಂದರೆ. ಸ್ಟ್ರೆಸ್ ಫ್ರ್ಯಾಕ್ಚರ್ ಅಂತಾರೆ. ಶುರುವಿನಲ್ಲಿ ಎಕ್ಸ್‌ರೇಯಲ್ಲೂ ಕಾಣದೆ ಹೋಗಬಹುದು. ಕಾಣಲಿಲ್ಲ ಅಂದರೆ ಮುಗೀತು, "ನಾಟಕ ಆಡ್ತಾನೆ" ಅನ್ನೋ ಪಟ್ಟ! ಕೆಲವು ವಾರ ಓಟ ಬಿಟ್ಟರೆ ಸಾಮಾನ್ಯವಾಗಿ ಕೂಡಿಕೊಳ್ಳುವ ಮೂಳೆ, ಹಲ್ಲು ಕಚ್ಚಿ ಓಡಿದರೆ ಪೂರ್ತಿ ಮುರಿಯಬಹುದು. ಆಗ ಸೈನ್ಯಕ್ಕೆ ನಷ್ಟ ಒಂದು ಪಿಟಿಯಲ್ಲ ಸ್ವಾಮಿ, ಒಬ್ಬ ಸೈನಿಕ.

ಸೈನ್ಯಕ್ಕೇ ಇದು ಗೊತ್ತಿದೆ. ಡಾಕ್ಟರು 'ಅಟೆಂಡ್ ಸಿ' ಅಂತ ಬರೆದರೆ ಪಿಟಿ, ಪರೇಡ್ ಇಲ್ಲ, ಹಗುರ ಕೆಲಸ ಮಾತ್ರ. ದೀರ್ಘಕಾಲದ ತೊಂದರೆಗೆ 'ಶೇಪ್' ಪದ್ಧತಿ ಇದೆ. ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು ಎಲ್ಲಕ್ಕೂ ಬೇರೆಬೇರೆ ಅಂಕಿ. 1 ಅಂದರೆ ಪೂರ್ತಿ ಫಿಟ್. ನಮ್ಮೂರ ತರಕಾರಿ ಮಾರ್ಕೆಟ್ಟಿನಲ್ಲಿ ಸೊಂಟ ಹಿಡಿದ ಹಮಾಲಿಯ ಬೆನ್ನಿಗೆ ಯಾರಾದರೂ ಮೂಟೆ ಏರಿಸುತ್ತಾರೆಯೇ? ಅಷ್ಟು ಬುದ್ಧಿ ಸಾಕು.

ಆದರೆ ನಿಯಮ ಇದ್ದರೆ ಸಾಲದು, ಅದನ್ನು ಕೇಳುವ ಧೈರ್ಯವೂ ಬೇಕಲ್ಲ? 2022ರಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷದ ಸೇವೆ, ಆಮೇಲೆ ಶೇಕಡಾ 25ರವರೆಗೆ ಮಾತ್ರ ಉಳಿಸಿಕೊಳ್ಳುತ್ತೇವೆ ಅಂತ ಪ್ರಕಟಿಸಿದರು. ಭರ್ತಿಯಲ್ಲಿ ಪೂರ್ತಿ 60 ಅಂಕಕ್ಕೆ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಬೇಕು. ಅಷ್ಟು ಕಷ್ಟಪಟ್ಟು ಸೇರಿದ ಹಳ್ಳಿ ಹುಡುಗ, ಪಕ್ಕದವನ ಜೊತೆಗೇ ಪೈಪೋಟಿ ಇರುವಾಗ, "ಸಾರ್, ಕಾಲು ನೋಯ್ತಿದೆ" ಅಂತ ಬಾಯಿ ಬಿಡ್ತಾನಾ? ನೋವು ನುಂಗಿಕೊಂಡು ಓಡ್ತಾನೆ. ಅದನ್ನು ನಾವು ಶಿಸ್ತು ಅಂತ ಚಪ್ಪಾಳೆ ತಟ್ಟುತ್ತೇವೆ!

ನನ್ನ ವಾದ ಇಷ್ಟೇ. ಡಾಕ್ಟರ ಚೀಟಿ ಇದ್ದವನಿಗೆ ರಜೆ, ಇಲ್ಲದವನಿಗೆ ಇಲ್ಲ, ಅವನು ಸಿಪಾಯಿಯಾಗಲಿ ಕರ್ನಲ್ ಆಗಲಿ. ರಜೆ ಅಂದರೆ ಮಂಚದ ಮೇಲೆ ಮಲಗುವುದಲ್ಲ. ಕಾಲು ಕೆಟ್ಟವನು ಡಾಕ್ಟರು ಹೇಳಿದಂತೆ ಕೈ ವ್ಯಾಯಾಮ ಮಾಡಲಿ, ವಾಸಿಯಾದ ಮೇಲೆ ನಿಧಾನವಾಗಿ ಸಾಲಿಗೆ ಮರಳಲಿ. ಹಾಗೆ ತೆಗೆದುಕೊಂಡ ರಜೆ ಅವನ ನಾಲ್ಕು ವರ್ಷದ ಲೆಕ್ಕದಲ್ಲಿ ಕಪ್ಪು ಚುಕ್ಕೆಯಾಗಬಾರದು.

ಇದರಲ್ಲಿ ದೇಶದ್ರೋಹ ಎಲ್ಲಿದೆ, ನೀವೇ ಹೇಳಿ!