ಬಣ್ಣದ ತ್ಯಾಜ್ಯ ನೀರಿನ ಸಂಸ್ಕರಣೆ: ಸಿಲಿಕಾ ಆಧಾರಿತ ವಿಧಾನದ ಸಾಧ್ಯತೆ ಮತ್ತು ಮಿತಿ

ಹಿನ್ನೆಲೆ

ಹತ್ತಿ ಬಟ್ಟೆಗೆ ಬಣ್ಣ ಹಾಕುವಾಗ ಬಣ್ಣದ ಒಂದು ಭಾಗವು ನೂಲಿಗೆ ಅಂಟದೆ ನೀರಿನಲ್ಲಿಯೇ ಉಳಿಯುತ್ತದೆ. ಅನೇಕ ಬಣ್ಣಗಳು ಜೈವಿಕ ಸಂಸ್ಕರಣೆಯಿಂದ ಸುಲಭವಾಗಿ ವಿಘಟನೆ ಹೊಂದುವುದಿಲ್ಲ. ಆದುದರಿಂದ ಮರಳು, ಡಯಾಟಮೈಟ್ ಮಣ್ಣು, ಭತ್ತದ ಹೊಟ್ಟಿನ ಬೂದಿ ಮುಂತಾದವುಗಳಲ್ಲಿರುವ ಸಿಲಿಕಾವನ್ನು ಮಾರ್ಪಡಿಸಿ ಬಳಸುವ ವಿಧಾನದ ಬಗ್ಗೆ ಹಲವು ದೇಶಗಳಲ್ಲಿ ಸಂಶೋಧನೆ ನಡೆದಿದೆ.

ಕಾರ್ಯವಿಧಾನ

ಸಿಲಿಕಾ ತಾನಾಗಿಯೇ ಬಣ್ಣವನ್ನು ವಿಘಟಿಸುವುದಿಲ್ಲ. ಅದರ ಮೇಲೆ ಟೈಟಾನಿಯಂ ಡೈಆಕ್ಸೈಡ್ ಅಥವಾ ಸತುವಿನ ಆಕ್ಸೈಡನ್ನು ಲೇಪಿಸಲಾಗುತ್ತದೆ. ಬೆಳಕು ಬಿದ್ದಾಗ ಈ ಲೇಪನವು ನೀರಿನಲ್ಲಿ ತೀವ್ರ ಉತ್ಕರ್ಷಣಕಾರಿ ಕಣಗಳನ್ನು ಉಂಟುಮಾಡಿ ಬಣ್ಣದ ಅಣುಗಳನ್ನು ಒಡೆಯುತ್ತದೆ. ಸಿಲಿಕಾ ಆಧಾರವಿರುವುದರಿಂದ ಪುಡಿಯನ್ನು ನೀರಿನಿಂದ ಬೇರ್ಪಡಿಸಿ ಮರುಬಳಕೆ ಮಾಡುವುದು ಸುಲಭವಾಗುತ್ತದೆ.

ಮಿತಿಗಳು

1. ಶುದ್ಧ ಟೈಟಾನಿಯಂ ಡೈಆಕ್ಸೈಡ್‌ಗೆ ಅತಿನೇರಳೆ ಕಿರಣ ಅವಶ್ಯಕ. ಸೂರ್ಯನ ಬೆಳಕಿನಲ್ಲಿ ಇದರ ಪ್ರಮಾಣ ಅತ್ಯಲ್ಪ.
2. ಗಾಢ ಬಣ್ಣದ ನೀರಿನೊಳಗೆ ಬೆಳಕು ಆಳಕ್ಕೆ ಇಳಿಯುವುದಿಲ್ಲ. ಪ್ರಯೋಗಾಲಯದ ತಿಳಿ ದ್ರಾವಣದಲ್ಲಿ ದೊರೆತ ಫಲಿತಾಂಶವು ಘಟಕದಲ್ಲಿ ದೊರೆಯದಿರಬಹುದು.
3. ಬಣ್ಣ ಮಾಯವಾದರೂ ಅಣುವಿನ ತುಣುಕುಗಳು ಉಳಿಯಬಹುದು.
4. ಬಣ್ಣ ಹಾಕಲು ಬಳಸಿದ ಉಪ್ಪು ಈ ವಿಧಾನದಿಂದ ನಿವಾರಣೆಯಾಗುವುದಿಲ್ಲ.

ಕೊನೆಯ ಅಂಶ ಅತಿ ಮುಖ್ಯವಾದುದು. ತಮಿಳುನಾಡಿನ ತಿರುಪ್ಪೂರಿನ ಬಣ್ಣದ ಘಟಕಗಳ ತ್ಯಾಜ್ಯ ನೀರು ಕಾವೇರಿಯ ಉಪನದಿಯಾದ ನೊಯ್ಯಲ್‌ಗೆ ಸೇರಿ, ಕೆಳಭಾಗದ ಕೃಷಿಭೂಮಿ ಹಾಗೂ ಬಾವಿಗಳು ಉಪ್ಪಿನಂಶದಿಂದ ಹಾಳಾದವು. 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು, ತ್ಯಾಜ್ಯ ನೀರನ್ನು ಹೊರಬಿಡದ ಶೂನ್ಯ ವಿಸರ್ಜನೆ ವ್ಯವಸ್ಥೆಯನ್ನು ಸಾಧಿಸದ ಘಟಕಗಳನ್ನು ಮುಚ್ಚುವಂತೆ ಆದೇಶಿಸಿತು. ಇದರಿಂದ ರೈತರಂತೆಯೇ ಕಾರ್ಮಿಕರೂ ಜೀವನೋಪಾಯದ ಸಂಕಷ್ಟಕ್ಕೆ ಒಳಗಾದರು. ನೀರು ತಿಳಿಯಾಗಿ ಕಾಣುವುದು ಅದು ಶುದ್ಧವಾಗಿರುವುದಕ್ಕೆ ಪುರಾವೆಯಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅರ್ಜಿದಾರರ ಗಮನಕ್ಕೆ

ಬಣ್ಣದ ಘಟಕಗಳಿಗೆ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974ರ ಅನ್ವಯ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಅಗತ್ಯ. ಜವಳಿ ಘಟಕಗಳಿಗಾಗಿ ಕೇಂದ್ರ ಸರ್ಕಾರವು 2016ರಲ್ಲಿ ಅಧಿಸೂಚಿಸಿದ ಮಾನಕಗಳಲ್ಲಿ ಬಣ್ಣದ ಮಿತಿ 150 ಪ್ಲಾಟಿನಂ-ಕೋಬಾಲ್ಟ್ ಮಾನ. ರಾಸಾಯನಿಕ ಆಮ್ಲಜನಕ ಬೇಡಿಕೆಯ ಮಿತಿ ಲೀಟರಿಗೆ 250 ಮಿಲಿಗ್ರಾಂ. ಕರಗಿದ ಘನಾಂಶದ ಮಿತಿ ಲೀಟರಿಗೆ 2,100 ಮಿಲಿಗ್ರಾಂ. ಬಣ್ಣ ತೆಗೆಯುವ ಯಂತ್ರವನ್ನು ಕೊಳ್ಳುವ ಮುನ್ನ ತಮ್ಮ ಘಟಕದ ನೀರಿನಲ್ಲಿಯೇ ಅದನ್ನು ಪ್ರಯೋಗಿಸಿ, ಈ ಮೂರೂ ಅಂಶಗಳ ಪರೀಕ್ಷಾ ವರದಿಯನ್ನು ಸರಬರಾಜುದಾರರಿಂದ ಕೇಳಿ ಪಡೆಯುವುದು ಸೂಕ್ತ. ಈ ವಿಧಾನವನ್ನು ಸಂಸ್ಕರಣೆಯ ಒಂದು ಹಂತವಾಗಿ ಮಾತ್ರ ಪರಿಗಣಿಸಬಹುದು. ಉಪ್ಪಿನ ನಿವಾರಣೆಗೆ ಪ್ರತ್ಯೇಕ ವ್ಯವಸ್ಥೆ ಅನಿವಾರ್ಯ.